ಎಲ್ಲಿಗೆ ಬೇಕಾದ್ರೂ ಹೋಗ್ರಿ ಅಂದಾಗ ಆಟ ನಿಂತಿತು

ಗಂಗಾವತಿಯ ನಮ್ಮ ಮಾಳಿಗೆ ಮೇಲೆ ಭಾನುವಾರ ಐದು ಮಂದಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ; ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲೇ ಕಥೆ ಮುಂದುವರಿಸುವ ಆಟ. ಗೇಮ್ ಮಾಸ್ಟರ್, ಅಂದರೆ ಕಥೆಯ ಲೋಕ ಕಟ್ಟಿ ಆಟ ನಡೆಸುವವ, ನಾನು. ಮೊದಲು ನೇರ ಕಥೆ ಬರೆದಿದ್ದೆ: 1565ರ ತಾಳಿಕೋಟೆ ಯುದ್ಧ ಮುಗಿದಿದೆ, ಹಂಪಿ ಹಾಳಾಗಿದೆ, ಆನೆಗೊಂದಿಯಿಂದ ಹರಿಗೋಲಿನಲ್ಲಿ ಹೊಳೆ ದಾಟಿ ಗುಡಿಯೊಂದರ ತಾಮ್ರಶಾಸನ ತರಬೇಕು. ಗೆಳೆಯರು ಹೊಳೆ ದಾಟಲೇ ಇಲ್ಲ. "ಅಂಬಿಗ ಯಾರಿಗೆ ಹೆದರ್ಯಾನ?" ಅಂತ ಅವನ ಬೆನ್ನು ಹತ್ತಿದರು. ನಾನು ಮತ್ತೆ ಮತ್ತೆ ದಾರಿಗೆ ಎಳೆದೆ. ಕೊನೆಗೆ ಒಬ್ಬಾಕೆ, "ನಾವ್ ಆಡಾಕತ್ತೀವೋ, ನೀ ಕಥಿ ಹೇಳಾಕತ್ತೀಯೋ?" ಅಂದಳು. ಮಾತು ಚುಚ್ಚಿತು, ಆದರೆ ಸರಿಯಾಗಿತ್ತು.

ಮುಂದಿನ ವಾರ ಷಟ್ಕೋನ ಮನೆಗಳ ನಕಾಶೆ ಹಾಸಿ, ಎಲ್ಲಿಗಾದರೂ ಹೋಗ್ರಿ ಅಂದೆ. ಅರ್ಧ ತಾಸು ಯಾರೂ ಅಲುಗಲಿಲ್ಲ. ಆರಿಸಿಕೊಳ್ಳಲು ಅವರಿಗೆ ಏನೂ ಗೊತ್ತಿರಲಿಲ್ಲ.

ಈಗ ಆಟದ ಶುರುವಿಗೆ ಸಂತೆಯಲ್ಲಿ ಮೂರು ಸುದ್ದಿ ಕಿವಿಗೆ ಬೀಳುತ್ತವೆ: ಅಂಜನಾದ್ರಿ ಬೆಟ್ಟದ ಮೇಲೆ ರಾತ್ರಿ ಬೆಂಕಿ, ಪಂಪಾ ಸರೋವರದ ದಂಡೆಯಲ್ಲಿ ಕಾಣೆಯಾದ ಕುರಿಗಾಹಿ, ಹೊಳೆಯಾಚೆ ಬೀಡುಬಿಟ್ಟ ಕೂಲಿ ಸೈನಿಕರು. ಕಡೆಗಣಿಸಿದ್ದು ಸುಮ್ಮನೆ ಕೂರುವುದಿಲ್ಲ; ಸೈನಿಕರನ್ನು ಬಿಟ್ಟರೆ ಎರಡನೇ ವಾರ ಹರಿಗೋಲು ಬಂದ್, ಮೂರನೇ ವಾರ ಊರಿನ ಕಣಜ ಲೂಟಿ. ಜಾಗಗಳು, ಜನರು, ಅವರ ಆಸೆಗಳನ್ನಷ್ಟೇ ಬರೆಯುತ್ತೇನೆ, ಮುಂದೇನಾಗುತ್ತದೆ ಎಂಬುದನ್ನಲ್ಲ. ಯಾವುದಾದರೂ ಗುಹೆಯೊಳಗೆ ಇಳಿದ ಮೇಲೆ ಮಾತ್ರ ನೇರ ದಾರಿ. ಇನ್ನೊಂದು: ಎದ್ದು ಹೋಗುವ ಮುಂಚೆ "ಮುಂದಿನ ವಾರ ಎಲ್ಲಿಗೆ?" ಅಂತ ಕೇಳಿಬಿಡುತ್ತೇನೆ, ಆ ಒಂದು ಜಾಗಕ್ಕಷ್ಟೇ ತಯಾರಿ.

ಕಳೆದ ಭಾನುವಾರ ಅಂಬಿಗನೇ ಅವರನ್ನು ಗುಡಿಗೆ ಕರೆದೊಯ್ದ. ತಾಮ್ರಶಾಸನ ಸಿಕ್ಕಿತು.