ಗಂಡಸರಿಗೂ ಬರೀ ಜೆಲ್ಲಿಯಲ್ಲೇ ಸ್ಟೆಂಟ್ ತೆಗೆದೆ: ನನ್ನ ಅನುಭವ

"ಗಂಡಸರಿಗೆ ಬರೀ ಜೆಲ್ಲಿನಾ? ಟೇಬಲ್‌ನಿಂದ ಎದ್ದು ಓಡ್ತಾರೆ ನೋಡಿ" ಎಂದು ನಮ್ಮ ಅನಸ್ತೇಶಿಯಾ ಡಾಕ್ಟರು ನಕ್ಕಿದ್ದರು. ಕಿಡ್ನಿ ಕಲ್ಲಿನ ಆಪರೇಷನ್ನಲ್ಲಿ ಹಾಕಿದ ಸ್ಟೆಂಟನ್ನು, ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ಲಿ ಮಾತ್ರ ತುಂಬಿ ತೆಗೆಯುತ್ತೇನೆ ಎಂದಿದ್ದೆ ನಾನು. ಮೊದಲ 10 ಜನರಲ್ಲಿ ಯಾರೂ ಓಡಲಿಲ್ಲ. ಆದರೆ 4 ಜನ ಕಾಲು ಝಾಡಿಸಿದರು, ಅವರಿಗೆ ಕೊನೆಗೆ ಸ್ಪೈನಲ್ಲೇ (ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದು) ಆಯಿತು. ಈಗ 200ರ ಹತ್ತಿರ ಬಂದಿದೆ. ಆ ನಾಲ್ವರನ್ನು ಬಿಟ್ಟರೆ ಸ್ಪೈನಲ್‌ಗೆ ಹೋದವರು ಐದಾರು ಜನ ಇರಬಹುದು.

ಹೆಂಗಸರದ್ದು ಬಿಡಿ, ಮೂತ್ರದ ದಾರಿ ಚಿಕ್ಕದು, ಒಳಗೆ ನೋಡುವ, ಬಾಗದ ರಿಜಿಡ್ ಸ್ಕೋಪ್‌ನಲ್ಲೇ ಎರಡು ನಿಮಿಷದ ಕೆಲಸ. ತೊಂದರೆ ಇದ್ದದ್ದು ಗಂಡಸರದ್ದು. ಕಲ್ಲಿನ ಆಪರೇಷನ್ ಮಾಡಿ ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶದವರೆಗಿನ, ಎರಡೂ ತುದಿ ಸುರುಳಿಯಾದ ತೆಳು ಕೊಳವೆ) ಹಾಕಿ ಕಳಿಸುತ್ತೇವೆ. ಅದನ್ನು ತೆಗೆಸಲು ಮತ್ತೆ ಬೆನ್ನಿಗೆ ಸೂಜಿ, ಒಂದು ದಿನ ಅಡ್ಮಿಷನ್, ಏಳೆಂಟು ಸಾವಿರ ಖರ್ಚು ಅಂದರೆ ಎಷ್ಟೋ ಜನ ಬರುವುದೇ ಇಲ್ಲ. ಹಾಗೆ ತಪ್ಪಿಸಿಕೊಂಡ ರೈತರೊಬ್ಬರು ಮೂರು ವರ್ಷದ ಮೇಲೆ ಬಂದರು. ಮೂತ್ರಕೋಶದಲ್ಲಿದ್ದ ಸುರುಳಿಯ ಮೇಲೆ ನಿಂಬೆಹಣ್ಣಿನಷ್ಟು ಕಲ್ಲು ಕಟ್ಟಿತ್ತು. ಅದನ್ನು ಒಡೆದು ತೆಗೆಯುವಷ್ಟರಲ್ಲಿ ಸಂಜೆಯಾಯಿತು. ನನಗೆ ಹಟ ಹುಟ್ಟಿದ್ದು ಅವತ್ತೇ.

ಗಂಡಸರಿಗೆ ಬೇಕಾದ, ಬಾಗುವ ಫ್ಲೆಕ್ಸಿಬಲ್ ಸ್ಕೋಪ್ ಹೊಸದರ ಬೆಲೆ ಕೇಳಿ ಸುಮ್ಮನಾದೆ. ಸೆಕೆಂಡ್ ಹ್ಯಾಂಡ್ ಒಂದು 2.5 ಲಕ್ಷದ ಆಸುಪಾಸಿಗೆ ಸಿಕ್ಕಿತು. ಮನೆಯಲ್ಲಿ 1.5 ಎಂದು ಹೇಳಿದ್ದೆ. ಆರನೇ ವಾರಕ್ಕೆ ಕೆಟ್ಟಿತು. ಇಟಿಒಗೆ (ಗ್ಯಾಸಿನಲ್ಲಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ) ಕಳಿಸುವಾಗ ಗಾಳಿ ಆಡಲು ಬಿಡುವ ವೆಂಟ್ ಕ್ಯಾಪ್ ಹಾಕಬೇಕು, ದ್ರವದಲ್ಲಿ ಮುಳುಗಿಸುವಾಗ ತೆಗೆಯಬೇಕು, ಅಲ್ವಾ? ನಮ್ಮ ಹುಡುಗ ಕ್ಯಾಪ್ ಸಮೇತ ಕ್ರಿಮಿನಾಶಕ ಗ್ಲುಟರಾಲ್ಡಿಹೈಡ್‌ನಲ್ಲಿ ಮುಳುಗಿಸಿದ್ದ. ಒಳಗೆಲ್ಲ ನೀರು, ಚಿತ್ರವೆಲ್ಲ ಮಂಜು. ರಿಪೇರಿಗೆ 80 ಸಾವಿರ ಚಿಲ್ಲರೆ. ಎರಡನೇ ಸಲ ತಪ್ಪು ನನ್ನದೇ. ತುದಿ ಬಾಗಿದ್ದಾಗಲೇ ಗ್ರಾಸ್ಪರ್ (ಸ್ಟೆಂಟ್ ಹಿಡಿಯುವ ಇಕ್ಕಳ) ತೂರಿಸಿದೆ, ಅದು ಹೋಗುವ ಒಳದಾರಿ, ಅಂದರೆ ಚಾನಲ್ ತೂತಾಯಿತು. ಹುಡುಗನಿಗೆ ಬೈದಿದ್ದ ಬಾಯಿ ಮುಚ್ಚಿಕೊಂಡು ಇನ್ನೊಂದು 50 ಸಾವಿರ ಕಟ್ಟಿದೆ. ಈಗ ಪ್ರತಿ ಕೇಸ್ ಆದ ಮೇಲೆ ಲೀಕ್ ಟೆಸ್ಟ್ ನಾನೇ ಮಾಡುತ್ತೇನೆ.

ಸ್ಕೋಪ್ ಸರಿಯಾಗಿ ಬಂದರೂ ಕಾಲು ಝಾಡಿಸುವುದು ನಿಲ್ಲಲಿಲ್ಲ. ಒಂದು ದಿನ ಜೆಲ್ಲಿ ತುಂಬಿ, ಅದು ಹೊರಗೆ ಬರದಂತೆ ಕ್ಲಾಂಪ್ ಹಾಕಿದ ತಕ್ಷಣ ಕರೆಂಟ್ ಹೋಯಿತು. ಜನರೇಟರ್ ಹಾಕಬೇಕಾದವನು ಟೀಗೆ ಹೋಗಿದ್ದ. ಲೈಟ್ ಬರುವಷ್ಟರಲ್ಲಿ 12 ನಿಮಿಷ ಆಗಿರಬೇಕು. ಸ್ಟೆಂಟ್ ಹೊರಗೆ ಬಂದ ಮೇಲೆ ಆ ಯಜಮಾನ್ರು "ಶುರು ಮಾಡಿದ್ರಾ ಡಾಕ್ಟ್ರೇ?" ಎಂದರು. ಅಷ್ಟು ದಿನ ನಾನು ಒಪಿಡಿ ಸಾಲು ನೋಡಿ ಅವಸರದಲ್ಲಿ ಎರಡೇ ನಿಮಿಷ ಕಾಯುತ್ತಿದ್ದೆ! ಲಕ್ಷಗಟ್ಟಲೆ ಸುರಿದಿದ್ದು ಸ್ಕೋಪ್‌ಗೆ, ಕೊರತೆ ಇದ್ದದ್ದು ಗಡಿಯಾರದಲ್ಲಿ. ಈಗ 20 ಎಂಎಲ್ ಜೆಲ್ಲಿ ನಿಧಾನಕ್ಕೆ ತುಂಬಿ 10 ನಿಮಿಷ ಬಿಡುತ್ತೇನೆ. ಒಬ್ಬರು ಟೇಬಲ್ ಮೇಲಿದ್ದಾಗ ಮುಂದಿನವರಿಗೆ ಪಕ್ಕದ ಕೋಣೆಯಲ್ಲಿ ಜೆಲ್ಲಿ ಹಾಕಿಸಿರುತ್ತೇನೆ.

ಮೂತ್ರ ತಡೆಯುವ ಬಿಗಿ ಸ್ನಾಯು, ಅಂದರೆ ಸ್ಫಿಂಕ್ಟರ್ ಹತ್ತಿರ ಸ್ಕೋಪ್ ಬಂದಾಗ ಸಿಸ್ಟರ್ ಸಲೈನ್ ಬ್ಯಾಗನ್ನು ಕೈಯಲ್ಲಿ ಹಿಂಡುತ್ತಾರೆ. ನಾನು "ಒಂದಕ್ಕೆ ಹೋಗೋ ತರ ಮಾಡಿ" ಎನ್ನುತ್ತೇನೆ. ನೀರೇ ದಾರಿ ಬಿಡಿಸಿಕೊಡುತ್ತದೆ. ಇದು ನನ್ನ ಸಂಶೋಧನೆಯೇನಲ್ಲ, ಗೊತ್ತಿದ್ದವರೂ ಮಾಡುವುದಿಲ್ಲ ಅಷ್ಟೇ. ಪ್ರಾಸ್ಟೇಟ್‌ನ ನಡುವಿನ ಹಾಲೆ ಉಬ್ಬಿದವರಿಗೆ ಇನ್ನೊಂದು ಉಪಾಯ ಇದೆ. ಅದನ್ನು ಬರೆಯೋದಿಲ್ಲ. ಯಾರಾದರೂ ಬಂದರೆ ತೋರಿಸುತ್ತೇನೆ.

ನಡುವೆ ಒಂದು ತಿಂಗಳು ತಲೆ ಕೆಟ್ಟಿತ್ತು. ಸ್ಕೋಪ್ ಒಳಗೆ ಹೋಗುವಾಗ ಸುಮ್ಮನಿದ್ದವರು ಮನೆಗೆ ಹೋಗಿ ಉರಿ ಉರಿ ಎಂದು ಫೋನ್ ಮಾಡುತ್ತಿದ್ದರು. ಸೋಂಕು ಇರಬಹುದೆಂದು ಮೂತ್ರದ ಕಲ್ಚರ್ ಮಾಡಿಸಿದರೆ ಏನೂ ಇಲ್ಲ. ಕೊನೆಗೆ ಗೊತ್ತಾಯಿತು: ಸ್ಕೋಪ್ ತೊಳೆಯುತ್ತಿದ್ದದ್ದು ಒಂದೇ ನೀರಲ್ಲಿ, ಚಾನಲ್ ಒಳಗೆ ಗ್ಲುಟರಾಲ್ಡಿಹೈಡ್ ಉಳಿಯುತ್ತಿತ್ತು. ಮೂರು ಸಲ ಬೇರೆ ಬೇರೆ ಸ್ಟೆರೈಲ್ ನೀರು ಬದಲಿಸಿ, ಚಾನಲ್‌ಗೂ ಸಿರಿಂಜ್‌ನಲ್ಲಿ ಬಿಡಿಸಿದ ಮೇಲೆ ಫೋನ್ ನಿಂತವು. ಒಬ್ಬರು ಅದರ ಬದಲು ಒಪಿಎ ಎಂಬ ಇನ್ನೊಂದು ಕ್ರಿಮಿನಾಶಕ ತಗೊಳ್ಳಿ ಎಂದರು. ನನ್ನಲ್ಲಿ ಮೂತ್ರಕೋಶದ ಕ್ಯಾನ್ಸರ್‌ನವರೂ ಪದೇ ಪದೇ ಸ್ಕೋಪಿಗೆ ಬರುತ್ತಾರೆ. ಅಂಥವರಿಗೆ ಅದರಿಂದ ಜೋರು ಅಲರ್ಜಿ ಆದ ಉದಾಹರಣೆಗಳಿವೆ. ಹಾಗಾಗಿ ಬೇಡವೆಂದೆ.

ಕ್ಯಾಮೆರಾ ದುಡ್ಡು ಉಳಿಸಲು ಸ್ಕೋಪಿಗೆ ಕಣ್ಣಿಟ್ಟು ನೋಡುವ ಐಪೀಸ್‌ಗೆ ಮೊಬೈಲ್ ಸಿಕ್ಕಿಸಿಯೂ ನೋಡಿದೆ. ಚಿತ್ರ ಪರವಾಗಿಲ್ಲ, ಆದರೆ ಭಾರಕ್ಕೆ ಕೈ ತಿರುಗುತ್ತದೆ. ಒಂದು ಸಲ ಮೊಬೈಲ್ ಬಕೆಟ್‌ಗೆ ಬಿತ್ತು. ರೋಗಿಯ ಕಡೆ ಮಾನಿಟರ್ ತಿರುಗಿಸಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಸ್ಟೆಂಟ್ ಕಂಡರೆ "ಅಗೋ, ಅದೇನಾ?" ಎಂದು ನೋವೇ ಮರೆಯುತ್ತಾರೆ. ಹಳೇ ರಾಜ್‌ಕುಮಾರ್ ಹಾಡು ಹಾಕಿದರೆ ನನಗೆ ಸಮಾಧಾನ, ಅವರಿಗೆ ಏನೂ ವ್ಯತ್ಯಾಸ ಇಲ್ಲ.

ಈಗ ಒಬ್ಬರಿಗೆ 1,800 ರೂಪಾಯಿ ತಗೊಳ್ಳುತ್ತೇನೆ. ಬೆಳಿಗ್ಗೆ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ. ಸ್ಕೋಪ್ ಸಾಲ ಇನ್ನೂ ಸ್ವಲ್ಪ ಬಾಕಿ ಇದೆ.

ಈ ಉತ್ಸಾಹದಲ್ಲಿ ಮೂತ್ರಕೋಶದ ಸಣ್ಣ ಗಡ್ಡೆಗಳನ್ನೂ ಜೆಲ್ಲಿಯಲ್ಲೇ ಸುಟ್ಟು ನೋಡಿದೆ. ಮೊದಲ ಸಲ ಸಲೈನ್ ತೆಗೆದು, ಕರೆಂಟ್ ಹರಿಯಬಿಡದ ಗ್ಲೈಸಿನ್ ದ್ರವ ಹಾಕುವುದನ್ನೇ ಮರೆತಿದ್ದೆ, ಸುಡುವ ಯಂತ್ರದ ಪೆಡಲ್ ಎಷ್ಟು ಒತ್ತಿದರೂ ಏನೂ ಸುಡಲಿಲ್ಲ. ಆಮೇಲೆ ಇಬ್ಬರಿಗೆ ಸರಿಹೋಯಿತು. ಮೂರನೆಯವರು ಕಾರಿಡಾರಿಗೆಲ್ಲ ಕೇಳುವಂತೆ ಕೂಗಿಕೊಂಡರು, ಹೊರಗೆ ಕಾಯುತ್ತಿದ್ದ ಇಬ್ಬರು ಎದ್ದು ಮನೆಗೆ ಹೋದರು. ಅದನ್ನು ಸದ್ಯಕ್ಕೆ ಆಪರೇಷನ್ ಥಿಯೇಟರಿಗೇ ಬಿಟ್ಟಿದ್ದೇನೆ.