ವೇಸ್ಟ್ ಟ್ಯಾಂಕ್ ವಾಲ್ವ್ ಜಾಮ್ ಆಗಿದ್ಯಾ? ಮೊದಲು ಎಳೆಯೋದು ನಿಲ್ಲಿಸಿ

ಟಿಟಿ (ಟೆಂಪೋ ಟ್ರಾವೆಲರ್) ಗಾಡಿಗೆ ಬೆಡ್ಡು, ಸಿಂಕು, ಟಾಯ್ಲೆಟ್ ಎಲ್ಲ ಕೂರಿಸ್ಕೊಂಡು ನಂದಿಬೆಟ್ಟದ ಕಡೆ, ಆವಲಗುರ್ಕಿ ಕಡೆ ಬರೋರು ಈಗೀಗ ಜಾಸ್ತಿಯಾಗಿದ್ದಾರೆ, ಒಳ್ಳೇದೇ. ಆದ್ರೆ ಗಾಡಿ ಕೆಳಗಿರೋ ವೇಸ್ಟ್ ಟ್ಯಾಂಕಿನ ವಾಲ್ವ್ ಟೈಟಾಯ್ತು ಅಂದ್ರೆ ಎಲ್ಲರೂ ಮಾಡೋದು ಒಂದೇ ಕೆಲಸ, ಚಾಸಿಗೆ ಕಾಲು ಕೊಟ್ಟು ಹ್ಯಾಂಡಲ್ ಜಗ್ಗೋದು. ಹ್ಯಾಂಡಲ್ ಕಿತ್ಕೊಂಡು ಕೈಗೆ ಬರತ್ತೆ, ಟ್ಯಾಂಕ್ ತುಂಬಿದ್ದು ತುಂಬಿದ ಹಾಗೇ ಇರತ್ತೆ. ಇದಕ್ಕೆ ಶಕ್ತಿ ಬೇಕಾಗಿಲ್ಲ, ತಾಳ್ಮೆ ಬೇಕು.

ಒಳಗಿರೋದು ತುಂಬ ಸರಳ. ಎರಡು ಪೈಪಿನ ಮಧ್ಯ ಒಂದು ತೆಳು ಬ್ಲೇಡು, ಅದರ ಎರಡೂ ಕಡೆ ಒಂದೊಂದು ರಬ್ಬರ್ ಸೀಲು, ಬ್ಲೇಡಿಗೆ ಒಂದು ರಾಡು, ಅಷ್ಟೇ. ಟಾಯ್ಲೆಟ್ ಟ್ಯಾಂಕಿಗೆ ಸಾಮಾನ್ಯವಾಗಿ 3 ಇಂಚಿಂದು, ಸಿಂಕ್ ನೀರಿನ ಟ್ಯಾಂಕಿಗೆ ಒಂದೂವರೆ ಇಂಚಿಂದು ಇರತ್ತೆ. ಸೀಲು ಒಣಗಿದ್ರೆ ಬ್ಲೇಡನ್ನ ಹಿಡ್ಕೊಳ್ಳತ್ತೆ, ಟಿಶ್ಯೂ ಪೇಪರ್ ಅಂಟಿ ಒಣಗಿದ್ರೂ ಹಿಡ್ಕೊಳ್ಳತ್ತೆ. ನಮ್ಮ ಕಡೆ ಇನ್ನೊಂದು ಕಾಟ ಬೋರ್ ನೀರಿಂದು, ಅಷ್ಟು ಗಡಸು ನೀರು ನಿಂತ ಕಡೆ ಬಿಳಿ ಉಪ್ಪು ಕಟ್ಟದೇ ಇರಲ್ಲ. ಸಿಂಕ್ ಕಡೆ ಮುದ್ದೆ ಪಾತ್ರೆ ತೊಳೆದ ಹಿಟ್ಟು ಮತ್ತೆ ಒಗ್ಗರಣೆ ಎಣ್ಣೆ ಸೇರಿ ಬ್ಲೇಡಿನ ತುದಿಯಲ್ಲಿ ಕಂದು ಪದರ ಆಗ್ಬಿಡತ್ತೆ, ಉಗುರಲ್ಲಿ ಕೆರೆದ್ರೂ ಬರಲ್ಲ.

ಹಂತ 1. ಹ್ಯಾಂಡಲಿಗೂ ವಾಲ್ವಿಗೂ ಮಧ್ಯ ಕೇಬಲ್ ಇದ್ರೆ ಮೊದಲು ಅದನ್ನ ಬಿಚ್ಚಿ ರಾಡನ್ನ ನೇರ ಕೈಯಲ್ಲಿ ಎಳೆದು ನೋಡಿ. ಸಲೀಸಾಗಿ ಬಂತಾ, ವಾಲ್ವ್ ಚೆನ್ನಾಗಿದೆ, ಕೇಬಲ್ ತುಕ್ಕು ಹಿಡಿದಿದೆ, ಅದನ್ನ ಬದಲಾಯಿಸಿ, ಮುಂದಿಂದು ಓದೋದೂ ಬೇಡ.

ಹಂತ 2. ಟಾಯ್ಲೆಟ್ ಮೂಲಕ ಬಿಸಿ ನೀರು ಹಾಕಿ, ಕುದಿಯೋ ನೀರಲ್ಲ, ಕೈ ತಡ್ಕೊಳ್ಳೋಷ್ಟು ಬಿಸಿ ಸಾಕು. ಜೊತೆಗೆ ಪಾತ್ರೆ ತೊಳೆಯೋ ಲಿಕ್ವಿಡ್. ಟ್ಯಾಂಕ್ ಪೂರ್ತಿ ತುಂಬಿದ್ರೆ ಬಲವಂತ ಮಾಡ್ಬೇಡಿ, ಸಕ್ಕಿಂಗ್ ಗಾಡಿಯವರನ್ನ ಕರೆಸಿ ಮೇಲಿಂದಲೇ ಸ್ವಲ್ಪ ಎಳೆಸಿ. ಆಮೇಲೆ ಗಾಡಿ ಒಂದು ರೌಂಡ್ ಓಡಿಸಿ, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ರಾಡು ಒಳಗೆ ಹೋಗೋ ಜಾಗಕ್ಕೆ ಸಿಲಿಕಾನ್ ಸ್ಪ್ರೇ ಹೊಡೆದು, ಒಂಚೂರು ಎಳೀರಿ, ಒಂಚೂರು ತಳ್ಳಿ, ಹೀಗೆ ಆಡಿಸ್ತಾ ಇರಿ. ತಿರುಚ್ಬೇಡಿ, ಹ್ಯಾಂಡಲ್ ಥ್ರೆಡ್ಡಿಂದ ಬಿಚ್ಕೊಳ್ಳತ್ತೆ. ಎಷ್ಟೋ ವಾಲ್ವ್ ಇಷ್ಟಕ್ಕೇ ಬಿಡತ್ತೆ.

ಉಪ್ಪು ಕಟ್ಟಿದ್ರೆ ನಿಂಬೆ ಉಪ್ಪು ಕರಗಿಸಿ ಹಾಕಿ. ಬಾತ್‌ರೂಮ್ ಆಸಿಡ್ ಬೇಡವೇ ಬೇಡ, ಅದು ರಾಡು ಬೋಲ್ಟು ಎಲ್ಲ ತಿನ್ನತ್ತೆ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಗಾಡಿಯೊಳಗೆ ಅದು ಜೀವಕ್ಕೇ ಅಪಾಯ.

ಹಂತ 3. ಖಾಲಿ ಮಾಡಿ ತೊಳೀರಿ. ಮನೆ ಸೆಪ್ಟಿಕ್ ಟ್ಯಾಂಕಿಗೆ ಬಿಡಿ, ಇಲ್ಲ ಸಕ್ಕಿಂಗ್ ಗಾಡಿಗೆ ಕೊಡಿ. ಚರಂಡಿಗೆ, ಕೆರೆಗೆ ಬಿಡೋದು ದಯವಿಟ್ಟು ಬೇಡ, ಬೆಂಗಳೂರಿನ ಹೆಬ್ಬಾಳ-ನಾಗವಾರದ ನೀರು ಸಂಸ್ಕರಿಸಿ ಪೈಪಲ್ಲಿ ತಂದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೆರೆ ತುಂಬಿಸ್ತಿರೋದು ಅಂತರ್ಜಲಕ್ಕೆ ಅಂತ. ಇನ್ನೊಂದು ಮಾತು, ತುಂಬಿದ ಟ್ಯಾಂಕನ್ನ ಹಾಗೇ ಗ್ಯಾರೇಜ್ ಹುಡುಗನ ಕೈಗೆ ಕೊಡ್ಬೇಡಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 1970ರ ದಶಕದಲ್ಲೇ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ ರಾಜ್ಯ ಇದು. ನಮ್ಮ ಗಲೀಜು ನಾವು ತೊಳೆದು, ತಿಳಿನೀರು ಬರೋವರೆಗೂ ತೊಳೆದು, ಆಮೇಲೆ ಬೇರೆಯವರನ್ನ ಕರೀಬೇಕು. ಗ್ಲೌಸು, ಕನ್ನಡಕ ಹಾಕ್ಕೊಳ್ಳಿ, ಹತ್ರ ಬೀಡಿ ಸಿಗರೇಟು ಹಚ್ಚೋದು ಬೇಡ.

ಹಂತ 4. ಇಷ್ಟಾದ್ರೂ ಬಿಗಿ ಅನ್ಸಿದ್ರೆ ಬಿಚ್ಚಬೇಕು. ನಾಲ್ಕು ಬೋಲ್ಟು, ಅಮೆರಿಕ ಅಳತೆ ವಾಲ್ವಾದ್ರೆ 11ರ ಸ್ಪ್ಯಾನರ್ ಕೂರತ್ತೆ. ಬಿಚ್ಚೋ ಮುಂಚೆ ಎಲ್ಲ ಕಡೆಯಿಂದ ಮೊಬೈಲಲ್ಲಿ ಫೋಟೋ ತೆಗೀರಿ.

ಹಂತ 5. ಬ್ಲೇಡು ಓಡೋ ಜಾಡನ್ನ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ, ಮುಖ್ಯವಾಗಿ ಬ್ಲೇಡಿನ ತುದಿ ಹೋಗಿ ಕೂರೋ ಮೂಲೆ, ಅಲ್ಲಿ ಕಸ ಇದ್ರೆ ವಾಲ್ವ್ ಪೂರ್ತಿ ಮುಚ್ಚೋದೇ ಇಲ್ಲ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೀಬೇಡಿ.

ಹಂತ 6. ಎಲ್ಲರೂ ಕೆಡಿಸೋದು ಇಲ್ಲೇ, ಸೀಲ್ ಕೂರಿಸೋವಾಗ. ಒಂದು ಸೀಲು ಚೆನ್ನಾಗಿದೆ ಅನ್ಸಿದ್ರೂ ಎರಡನ್ನೂ ಹೊಸದೇ ಹಾಕಿ. ಟ್ರಾಕ್ಟರ್ ಟ್ಯೂಬ್ ಕತ್ತರಿಸಿ ಸೀಲ್ ಮಾಡ್ಕೊಡ್ತೀನಿ ಅನ್ನೋರು ಸಿಗ್ತಾರೆ, ಒಪ್ಪಬೇಡಿ, ಅದರಲ್ಲಿ ಸೀಲಿನ ಆ ತೆಳು ತುಟಿ ಬರಲ್ಲ. ಫೋಟೋ ನೋಡ್ಕೊಂಡು ಯಾವ ಮುಖ ಯಾವ ಕಡೆ ಅಂತ ಖಾತ್ರಿ ಮಾಡ್ಕೊಳ್ಳಿ. ಸಿಲಿಕಾನ್ ಗ್ರೀಸನ್ನ ಬೆರಳಲ್ಲಿ ತೆಳುವಾಗಿ ಸವರಿ, ಸೀಲಿಗೂ ಬ್ಲೇಡಿಗೂ. ಪ್ಲಂಬಿಂಗ್ ಅಂಗಡಿಯಲ್ಲಿ ಇಲ್ಲ ಅಂದ್ರೆ ಆರ್‌ಓ ಫಿಲ್ಟರ್ ರಿಪೇರಿಯವರ ಹತ್ರ ಕೇಳಿ. ಲಾರಿ ಗ್ರೀಸು, ವ್ಯಾಸಲೀನು, ಎಂಜಿನ್ ಆಯಿಲ್ ಯಾವುದೂ ಬೇಡ, ಪೆಟ್ರೋಲಿಯಂ ಗ್ರೀಸಿಗೆ ಎಷ್ಟೋ ಜಾತಿ ರಬ್ಬರ್ ಉಬ್ಬತ್ತೆ, ಉಬ್ಬಿದ ಸೀಲು ಬ್ಲೇಡನ್ನ ಇನ್ನೂ ಗಟ್ಟಿಯಾಗಿ ಹಿಡಿಯತ್ತೆ.

ಈಗ ಪೈಪಿನ ಕ್ಲ್ಯಾಂಪ್ ಸಡಿಲ ಮಾಡಿ, ಜೊತೆಗಿರೋರಿಗೆ ಎರಡೂ ಪೈಪನ್ನ ಸ್ವಲ್ಪ ಅಗಲಿಸಿ ಹಿಡ್ಕೊಳ್ಳೋಕೆ ಹೇಳಿ. ಒಬ್ಬರೇ ಮಾಡೋಕೆ ಹೋಗ್ಬೇಡಿ. ವಾಲ್ವನ್ನ ಓರೆ ಮಾಡದೆ ನೇರ ತಳ್ಳಿ, ಎರಡೂ ಹೆಬ್ಬೆರಳಲ್ಲಿ ಸೀಲಿನ ಅಂಚನ್ನ ಒತ್ತಿ ಹಿಡ್ಕೊಂಡೇ ತಳ್ಳಿ, ಇಲ್ಲಾಂದ್ರೆ ಅಂಚು ಸದ್ದಿಲ್ಲದೆ ಮಡಚ್ಕೊಳ್ಳತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಎದುರು ಬದುರು ಎರಡು ಬೋಲ್ಟ್ ಬರೀ ಕೈಯಲ್ಲಿ ಹಾಕಿ, ಹ್ಯಾಂಡಲ್ ಎಳೆದು ಬ್ಲೇಡ್ ಪೂರ್ತಿ ಓಪನ್ ಮಾಡಿ, ಹೊರಗಿನ ಬಾಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಸೀಲು ಒಳ್ಳೇ ರೌಂಡಾಗಿ ಕಾಣ್ಬೇಕು. ಎಲ್ಲಾದ್ರೂ ಅರ್ಧಚಂದ್ರ ಥರ ಕಪ್ಪಾಗಿ ಒಳಗೆ ಚಾಚ್ಕೊಂಡಿದ್ರೆ ಮಡಚ್ಕೊಂಡಿದೆ, ಬಿಚ್ಚಿ ಮತ್ತೆ ಕೂರಿಸಿ. ಬೋಲ್ಟ್ ಬಿಗಿದ್ರೆ ಸರಿಹೋಗತ್ತೆ ಅನ್ನೋ ಮಾತು ನಂಬಬೇಡಿ.

ಹಂತ 7. ನಾಲ್ಕೂ ಬೋಲ್ಟನ್ನ ಮೂಲೆ ಮೂಲೆಗೆ ಸ್ವಲ್ಪ ಸ್ವಲ್ಪ ಬಿಗೀರಿ, ಪ್ರತಿ ಸಲ ಹ್ಯಾಂಡಲ್ ಎಳೆದು ನೋಡ್ತಾ. ಭಾರ ಅನ್ಸೋಕೆ ಶುರುವಾದ್ರೆ ಕಾಲು ಸುತ್ತು ಹಿಂದಕ್ಕೆ. ಹೊಸ ವಾಲ್ವೂ ಟೈಟು ಅಂತ ಗೋಳಾಡೋರ ಗಾಡೀಲಿ ಬಹಳ ಸಲ ಇರೋದು ಬೋಲ್ಟ್ ಅತಿ ಬಿಗಿದ ದೋಷ.

ವಾಲ್ವೇ ಬದಲಾಯಿಸೋದಾದ್ರೆ ಒಂದು ಎಚ್ಚರ. ಅಮೆರಿಕದ 3 ಇಂಚ್ ಪೈಪಿನ ಹೊರ ಅಳತೆ 88.9 ಎಂಎಂ, ನಮ್ಮ ಅಂಗಡಿ ಪಿವಿಸಿ 90 ಎಂಎಂ. ಬೆಂಕಿ ತೋರಿಸಿ ಹಿಗ್ಗಿಸಿ ತೂರಿಸ್ತಾರೆ, ಅದು ದಾರಿ ಕುಲುಕಿಗೆ ಸೀಳತ್ತೆ. ರಬ್ಬರ್ ಕಪ್ಲಿಂಗ್ ಹಾಕಿ ಹೋಸ್ ಕ್ಲಿಪ್ ಬಿಗಿಸಿ.

ಹಂತ 8. ಮೊದಲು ಬರೀ ನೀರು ತುಂಬಿಸಿ, ಕೆಳಗೆ ನ್ಯೂಸ್ ಪೇಪರ್ ಹಾಸಿ ಒಂದು ಗಂಟೆ ಬಿಡಿ. ಒಂದು ಹನಿ ಬಿದ್ರೂ ಪೇಪರಲ್ಲಿ ಕಾಣತ್ತೆ.

ಆಮೇಲೆ ಟಾಯ್ಲೆಟ್ ವಾಲ್ವನ್ನ ತೆಗೆದೇ ಇಡೋ ಅಭ್ಯಾಸ ಬಿಡಿ, ನೀರೆಲ್ಲ ಹರಿದು ಗಟ್ಟಿ ಮಾತ್ರ ಗುಡ್ಡೆಯಾಗಿ ಉಳ್ಕೊಳ್ಳತ್ತೆ. ಪಾತ್ರೆ ಎಣ್ಣೆನ ತೊಳೆಯೋ ಮುಂಚೆ ಪೇಪರಲ್ಲಿ ಒರೆಸಿ. ಬೇಸಿಗೆಯಲ್ಲಿ ಗಾಡಿ ಸುಮ್ನೆ ನಿಲ್ಲಿಸೋದಾದ್ರೆ ತೊಳೆದ ಟ್ಯಾಂಕಲ್ಲಿ ಎರಡು ಬಕೆಟ್ ನೀರು ಬಿಟ್ಟು ನಿಲ್ಲಿಸಿ, ತಿಂಗಳಿಗೊಂದು ಸಲ ಹೋಗಿ ಹ್ಯಾಂಡಲ್ ಸ್ವಲ್ಪ ಆಡಿಸಿ ಬನ್ನಿ. ಒಂದು ಜೊತೆ ಸೀಲು ಟೂಲ್‌ಕಿಟ್ಟಲ್ಲೇ ಇರಲಿ, ದಾರೀಲಿ ಕೆಟ್ರೆ ಬಾಗೇಪಲ್ಲೀಲೂ ಸಿಗಲ್ಲ, ಗೌರಿಬಿದನೂರಲ್ಲೂ ಸಿಗಲ್ಲ.