ಥೈರಾಯ್ಡ್ ಸಂಶೋಧನೆಯ ಸುದ್ದಿ ಓದುವುದು ಹೇಗೆ?

‘ಥೈರಾಯ್ಡ್ ವಂಶದಿಂದಲೇ ಬರುತ್ತೆ, ಸಂಶೋಧನೆ ಹೇಳಿದೆ’ ಎಂಬ ಮೆಸೇಜು ವಾಟ್ಸ್ಆ್ಯಪಿಗೆ ಬಿದ್ದರೆ ಸಾಕು, ‘ನಿಮ್ಮಮ್ಮನ ಕಡೆಯದ್ದೇ’ ಎಂದು ಮನೆಯಲ್ಲಿ ಶುರುವಾಗುತ್ತದೆ. ಜಗಳಕ್ಕೆ ಮುಂಚೆ ಇಷ್ಟು ನೋಡಿ.

ಮೊದಲು, ಆ ಸಂಶೋಧನೆಗೆ ರಕ್ತ ತೆಗೆದದ್ದು ಯಾವ ಹೊತ್ತಿನಲ್ಲಿ? ಥೈರಾಯ್ಡ್ ಗ್ರಂಥಿಗೆ ಕೆಲಸ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ರಾತ್ರಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಒಂದು ಗುಂಪಿನದ್ದು ಬೆಳಿಗ್ಗೆ ಏಳಕ್ಕೆ, ಇನ್ನೊಂದರದ್ದು ಮಧ್ಯಾಹ್ನ ಎರಡಕ್ಕೆ ತೆಗೆದಿದ್ದರೆ ಹೋಲಿಕೆಯೇ ಕೆಟ್ಟಿತು. ಕೂದಲಿಗೆಂದು ನುಂಗುವ ಬಯೊಟಿನ್ ಮಾತ್ರೆಯದ್ದೂ ಒಂದು ಕಿತಾಪತಿ ಇದೆ: ಕೆಲವು ಪರೀಕ್ಷಾ ವಿಧಾನಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಲ್ಯಾಬಿನವರು ಕೇಳದಿದ್ದರೂ ನೀವೇ ಹೇಳಿಬಿಡಿ.

ಎರಡನೆಯದು ಉಪ್ಪು. ಅಯೋಡಿನ್ ಇಲ್ಲದೆ ಥೈರಾಯ್ಡ್ ಹಾರ್ಮೋನು ತಯಾರಾಗದು. ಡೆನ್ಮಾರ್ಕಿನಲ್ಲಿ ಕುಡಿಯುವ ನೀರಿನ ಅಯೋಡಿನ್ ಊರಿಂದೂರಿಗೆ ಬೇರೆ. ಕೋಪನ್‌ಹೇಗನ್‌ನವರಿಗಿಂತ ಆಲ್‌ಬೋರ್ಗ್‌ನವರಿಗೆ ಕಡಿಮೆ ಸಿಗುತ್ತಿತ್ತು, ಗಳಗಂಡವೂ ಅಲ್ಲೇ ಹೆಚ್ಚು. 1998ರಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸತೊಡಗಿ, 2000ದಲ್ಲಿ ಕಡ್ಡಾಯ ಮಾಡಿದರು. ಗ್ರಂಥಿಯ ಊತ ಇಳಿಯಿತು. ವಿಚಿತ್ರವೆಂದರೆ, ಹೈಪೋಥೈರಾಯ್ಡಿನ (ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸದ ಸ್ಥಿತಿ) ಹೊಸ ಪ್ರಕರಣಗಳು ಏರಿದವು! ಅಷ್ಟು ಬೇಗ ಒಂದು ದೇಶದ ಜೀನ್ ಬದಲಾಗುವುದಿಲ್ಲವಲ್ಲ. ಹಾಗಾಗಿ ಉಪ್ಪು ಬದಲಾಗುವ ಮೊದಲಿನ ಅಧ್ಯಯನವನ್ನೂ ನಂತರದ್ದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನು ಶೇಕಡಾವಾರು. ಎಲ್ಲರೂ ಜಾರುವುದು ಇಲ್ಲೇ. ಅದೇ ಡೆನ್ಮಾರ್ಕಿನ ಆರೋಗ್ಯವಂತ ಅವಳಿಗಳ ಅಧ್ಯಯನವೊಂದು 2004ರಲ್ಲಿ ಟಿಎಸ್‌ಎಚ್‌ನಲ್ಲಿ ಜೀನ್‌ಗಳ ಪಾಲು ಸುಮಾರು ಶೇ 64 ಎಂದಿತು. ತದ್ರೂಪಿ ಅವಳಿಗಳ ಅಂಕಿ ಸಾಮಾನ್ಯ ಅವಳಿಗಳದ್ದಕ್ಕಿಂತ ಎಷ್ಟು ಹತ್ತಿರ ಎಂದು ನೋಡಿ ಹಾಕಿದ ಲೆಕ್ಕ ಅದು. ಅಂದರೆ ನಿಮ್ಮ ಟಿಎಸ್‌ಎಚ್‌ನಲ್ಲಿ ನೂರಕ್ಕೆ 64 ಪಾಲು ಅಮ್ಮನದೆಂದಲ್ಲ; ಆ ಜನರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಅಷ್ಟು. ಊರವರೆಲ್ಲ ಒಂದೇ ಉಪ್ಪು ತಿಂದರೆ ಉಪ್ಪಿನಿಂದಾಗುವ ವ್ಯತ್ಯಾಸ ಕುಗ್ಗುತ್ತದೆ, ಜೀನಿನ ಪಾಲು ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ.

ಅಧ್ಯಯನದಲ್ಲಿ ಎಷ್ಟು ಜನ, ಗಂಡಸರೆಷ್ಟು, ಗರ್ಭಿಣಿಯರನ್ನು ಬಿಟ್ಟಿದ್ದಾರೆಯೇ ಎಂಬುದನ್ನೂ ಕಣ್ಣಾಡಿಸಿ.

ಕೊನೆಗೆ ಅಡುಗೆಮನೆಗೆ ಹೋಗಿ ಉಪ್ಪಿನ ಪ್ಯಾಕೆಟ್ ತಿರುಗಿಸಿ. ಡೆನ್ಮಾರ್ಕಿನವರು 2000ದಲ್ಲಿ ಬೆರೆಸಿದ್ದು 13 ಪಿಪಿಎಂ (ಕಿಲೋ ಉಪ್ಪಿಗೆ 13 ಮಿಲಿಗ್ರಾಂ) ಅಯೋಡಿನ್. ನಮ್ಮಲ್ಲಿ ಗಿರಾಕಿಯ ಕೈಗೆ ಬರುವಾಗ ಕನಿಷ್ಠ 15 ಇರಬೇಕು. ಸೈಂಧವ ಲವಣಕ್ಕೆ ಬದಲಾಗಿದ್ದೀರಾದರೆ ಅದರ ಮೇಲಿನ ಸಣ್ಣಕ್ಷರವನ್ನೂ ಓದಿ. ಎಷ್ಟೋ ಪ್ಯಾಕೆಟ್ಟುಗಳಲ್ಲಿ ಅಯೋಡಿನ್ ಸೇರಿಸಿರುವುದೇ ಇಲ್ಲ.